ಬರದ ನೆಲದಲ್ಲಿ ಅಲೋ: ಹೂ ಏಕೆ ಬರಲಿಲ್ಲ, ಬುಡ ಏಕೆ ಕೊಳೆಯಿತು?

ಪ್ರಶ್ನೆ: ಹಿರಿಯೂರಿನ ಹೊರವಲಯದಲ್ಲಿ ನಮ್ಮ ಮನೆಯಿದೆ. ಬೇಸಿಗೆಯಲ್ಲಿ ಕೊಳವೆಬಾವಿ ಅರ್ಧ ಗಂಟೆ ಓಡಿದರೆ ಹೆಚ್ಚು. ಹೀಗಾಗಿ ಹುಲ್ಲುಹಾಸನ್ನು ತೆಗೆಸಿ, ಕಡಿಮೆ ನೀರಿನ ಕೈತೋಟ ಮಾಡಬೇಕೆಂದು ಮೂರು ವರ್ಷಗಳ ಹಿಂದೆ ಅಲೋ (ಲೋಳೆಸರದ ಕುಲದ) ಗಿಡಗಳನ್ನು ತಂದೆವು. ಮನೆಯ ಉತ್ತರಕ್ಕೆ, ಗೋಡೆಗೂ ಕಾಂಪೌಂಡಿಗೂ ನಡುವೆ ಇರುವ ಆರಡಿ ಅಗಲದ ಪಟ್ಟಿಯಲ್ಲಿ ಮಾಮೂಲಿ ಲೋಳೆಸರ ನೆಟ್ಟಿದ್ದೇವೆ. ಅದು ಮರಿ ಹಾಕಿ ಹಬ್ಬಿದೆ, ಆದರೆ ಒಮ್ಮೆಯೂ ಹೂ ಬಿಟ್ಟಿಲ್ಲ. ಮೇ ತಿಂಗಳಲ್ಲಿ ಆ ಜಾಗದಲ್ಲಿ ಕಾಲಿಡಲಾಗದಷ್ಟು ಬಿಸಿಲಿರುವುದರಿಂದ ನೆರಳಿನ ಸಮಸ್ಯೆ ಇಲ್ಲ. ಮುಂದಿನ ಅಂಗಳದ್ದು ಎರೆಮಣ್ಣು. ಅಲ್ಲಿ ಎರಡಡಿ ಗುಂಡಿ ತೋಡಿಸಿ, ಮರಳು ತುಂಬಿಸಿ, ಬೆಂಗಳೂರಿನ ನರ್ಸರಿಯಿಂದ ತಂದ ಕೆಂಪು ಹೂವಿನ ಎಂಟು ಅಲೋ ನೆಟ್ಟೆವು. ವಾರಕ್ಕೊಂದು ಚೊಂಬು ನೀರಿಗಿಂತ ಹೆಚ್ಚು ಹಾಕಿದವರಲ್ಲ. ಆದರೂ ಕಳೆದ ಅಕ್ಟೋಬರ್‌ನಲ್ಲಿ ಐದು ಗಿಡಗಳು ಬುಡದಲ್ಲಿ ಕೊಳೆತು ಹೋದವು. ಈ ಜಾತಿಯ ಗಿಡ ಹೂ ಬಿಟ್ಟರೆ ಸಾಯುತ್ತದೆ, ಹೂ ಬಾರದಿದ್ದುದೇ ಒಳ್ಳೆಯದಾಯಿತು ಎಂದು ನೆರೆಯವರು ಹೇಳುತ್ತಾರೆ. ಉಳಿದ ಮೂರನ್ನು ಕಾಪಾಡುವುದು ಹೇಗೆ? ಡ್ರಿಪ್ ಹಾಕಿಸಬಹುದೇ? ನಮ್ಮ ಕಡೆಗೆ ಹೊಂದುವ ಹೂವಿನ ಅಲೋಗಳು ಯಾವುವು? ಕೆಂಪು ಹೂವಿನ ಅಲೋದ ಲೋಳೆಯನ್ನೂ ಮನೆಮದ್ದಿಗೆ ಬಳಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಎರಡನ್ನೂ ನೀವು ಹಾಕಿದ ನೀರಿನ ಲೆಕ್ಕದಲ್ಲೇ ಅಳೆಯುತ್ತಿರುವುದರಿಂದ ಉತ್ತರ ಸಿಗುತ್ತಿಲ್ಲ. ಮನೆಯ ಉತ್ತರಕ್ಕಿರುವ ಹಿಂದಿನ ಪಟ್ಟಿಯ ಲೋಳೆಸರ ಹೂ ಬಿಡದಿರಲು ಮುಖ್ಯ ಕಾರಣ ಚಳಿಗಾಲದ ಬಿಸಿಲಿನ ಕೊರತೆಯೆಂದು ನಿಮ್ಮ ವಿವರಣೆಯಿಂದ ತೋರುತ್ತದೆ. ಮುಂದಿನ ಅಂಗಳದ ಗಿಡಗಳನ್ನು ಕೊಂದದ್ದು ನಿಮ್ಮ ಚೊಂಬಿನ ನೀರಲ್ಲ, ಹಿಂಗಾರಿನಲ್ಲಿ ಗುಂಡಿಯೊಳಗೆ ನಿಂತ ಮಳೆನೀರು. ಅಲೋ ಬೆಳೆಸುವಾಗ ಎಷ್ಟು ನೀರು ಕೊಟ್ಟೆವು ಎನ್ನುವುದಕ್ಕಿಂತ, ಬೇರು ಮತ್ತು ಬುಡ ಎಷ್ಟು ದಿನ ಒದ್ದೆಯಾಗಿದ್ದವು ಮತ್ತು ಅದು ಯಾವ ಕಾಲದಲ್ಲಿ ಎನ್ನುವುದೇ ಮುಖ್ಯ.

ಮೊದಲು ನೆರೆಯವರ ಮಾತನ್ನು ನೋಡೋಣ. ಅವರು ಕಂಡದ್ದು ಸುಳ್ಳಲ್ಲ, ಆದರೆ ಕಂಡದ್ದು ಬೇರೆ ಗಿಡದಲ್ಲಿ. ಹೊಲದ ಬದುಗಳ ಮೇಲೆ ಬೇಲಿಗೆಂದು ನೆಟ್ಟ ಕತ್ತಾಳೆ ಹಲವು ವರ್ಷ ಬೆಳೆದು, ಕೊನೆಗೆ ನಡುಸುಳಿಯಿಂದಲೇ ಕಂಬದಂಥ ಹೂದಂಡನ್ನು ಎಬ್ಬಿಸಿ, ಹೂ ಮುಗಿದ ಮೇಲೆ ಒಣಗಿ ಸಾಯುತ್ತದೆ. ಬೆಳೆಯುವ ತುದಿಯೇ ಹೂದಂಡಾಗಿ ಮಾರ್ಪಟ್ಟ ಮೇಲೆ ಆ ಗಿಡಕ್ಕೆ ಮುಂದೆ ಎಲೆ ಹಾಕಲು ಜಾಗ ಉಳಿಯುವುದಿಲ್ಲ. ಕತ್ತಾಳೆ ಅಮೆರಿಕ ಖಂಡದ ಮೂಲದ್ದು. ಅಲೋಗಳು ಆಫ್ರಿಕ, ಮಡಗಾಸ್ಕರ್ ಮತ್ತು ಅರೇಬಿಯಾದ ಕಡೆಯವು. ಮುಳ್ಳಂಚಿನ ದಪ್ಪ ಎಲೆಗಳಿಂದಾಗಿ ನೋಡಲು ಹೋಲಿಕೆ ಇದ್ದರೂ ಇವು ಹತ್ತಿರದ ಸಂಬಂಧಿಗಳಲ್ಲ. ಬಹುಪಾಲು ಅಲೋಗಳಲ್ಲಿ ಹೂದಂಡು ಎಲೆಯ ಕಂಕುಳಿಂದ ಹೊರಡುತ್ತದೆ, ನಡುಸುಳಿ ಹಾಗೆಯೇ ಬೆಳೆಯುತ್ತಿರುತ್ತದೆ. ಆದ್ದರಿಂದ ಆರೋಗ್ಯವಂತ ಅಲೋ ವರ್ಷ ವರ್ಷವೂ ಹೂ ಬಿಡಬಲ್ಲದು. ಹೂ ಬಿಟ್ಟ ಮರುವರ್ಷ ಗಿಡ ಸತ್ತಿದ್ದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕು.

ಈಗ ಹಿಂದಿನ ಪಟ್ಟಿಯ ವಿಷಯ. ಮೇ ತಿಂಗಳಲ್ಲಿ ಅಲ್ಲಿ ಕಾಲಿಡಲಾಗದಷ್ಟು ಬಿಸಿಲಿದೆ ಎಂದು ಬರೆದಿದ್ದೀರಿ, ಅದು ಸರಿಯೇ. ಹಿರಿಯೂರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಿಮ್ಮ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ, ಹಾಗಾಗಿ ಆಗ ಮನೆಯ ಉತ್ತರ ಬದಿ ಕಾಯುತ್ತದೆ. ಆದರೆ ಡಿಸೆಂಬರ್‌ನಲ್ಲಿ ಇದೇ ಸೂರ್ಯ ನಡುಹಗಲಿನಲ್ಲೂ ನೆತ್ತಿಯಿಂದ 37 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ. 20 ಅಡಿ ಎತ್ತರದ ಮನೆಯಾದರೆ ಆಗ ಅದರ ನೆರಳು ಉತ್ತರಕ್ಕೆ 15 ಅಡಿಯವರೆಗೆ ಚಾಚುತ್ತದೆ, ಒಂದೇ ಅಂತಸ್ತಿನ ಮನೆಯಾದರೂ ಒಂಬತ್ತು ಅಡಿ ಮೀರುತ್ತದೆ. ನಿಮ್ಮ ಪಟ್ಟಿಯ ಅಗಲ ಆರಡಿ. ಎಂದರೆ ನವೆಂಬರ್‌ನಿಂದ ಜನವರಿಯವರೆಗೆ ಆ ಗಿಡಗಳಿಗೆ ನೇರ ಬಿಸಿಲು ಬಹುತೇಕ ಇಲ್ಲ. ನಮ್ಮ ಕಡೆ ಲೋಳೆಸರ ಹೂದಂಡು ಎತ್ತುವುದೂ ಹೆಚ್ಚಾಗಿ ಇದೇ ಚಳಿಗಾಲದ ಆಸುಪಾಸಿನಲ್ಲಿ. ಬೇಸಿಗೆಯ ಬಿಸಿಲನ್ನು ನೋಡಿ ಜಾಗ ಆರಿಸಿದ ಅನೇಕ ಮನೆಗಳಲ್ಲಿ ಇದೇ ತೊಡಕನ್ನು ಕಂಡಿದ್ದೇನೆ. ಡಿಸೆಂಬರ್ ಮೂರನೆಯ ವಾರದಲ್ಲಿ ಒಂದು ದಿನ ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು ಮತ್ತು ಮೂರು ಗಂಟೆಗೆ ಅಂಗಳದ ಸುತ್ತ ನಡೆದು, ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆದಿಡಿ. ಆ ಗೆರೆಯಿಂದಾಚೆಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ನೆಲವೇ ಹೂವಿನ ಅಲೋಗಳ ಜಾಗ.

ಬಿಸಿಲಿನ ಜೊತೆಗೆ ಇನ್ನೂ ಕೆಲವು ಕಾರಣಗಳು ಸೇರಿರಬಹುದು. ಮರಿಯಿಂದ ಬೆಳೆಸಿದ ಲೋಳೆಸರ ಸಾಮಾನ್ಯವಾಗಿ ಮೂರು-ನಾಲ್ಕು ವರ್ಷ ತುಂಬಿದ ಮೇಲೆ ಹೂವಿಗೆ ಬರುತ್ತದೆ, ಆದ್ದರಿಂದ ನಿಮ್ಮವು ಈಗಷ್ಟೇ ಆ ಪ್ರಾಯಕ್ಕೆ ಬಂದಿವೆ. ಅಡುಗೆಗೋ ತಲೆಗೂದಲಿಗೋ ವಾರವಾರವೂ ಹೊರ ಎಲೆಗಳನ್ನು ಕೊಯ್ಯುತ್ತಿದ್ದರೆ ಹೂ ಮತ್ತಷ್ಟು ಮುಂದೆ ಹೋಗುತ್ತದೆ, ಏಕೆಂದರೆ ಹೂದಂಡಿಗೆ ಬೇಕಾದ ನೀರೂ ಸಕ್ಕರೆಯೂ ಕೂಡಿಟ್ಟಿರುವುದು ಆ ಎಲೆಗಳಲ್ಲೇ. ಕೊಯ್ಲಿಗೆ ಕೆಲವು, ಹೂವಿಗೆ ಕೆಲವು ಎಂದು ಗಿಡಗಳನ್ನು ವಿಂಗಡಿಸಿಕೊಳ್ಳುವುದು ಒಳ್ಳೆಯದು. ತಾಯಿಗಿಡದ ಸುತ್ತ ಒತ್ತೊತ್ತಾಗಿ ಎದ್ದ ಮರಿಗಳನ್ನು ವರ್ಷಕ್ಕೊಮ್ಮೆ ಬಿಡಿಸಬೇಕು. ಗೊಬ್ಬರ ಹೆಚ್ಚಾದರೂ ತೊಂದರೆಯೇ: ಯೂರಿಯಾ ಅಥವಾ ಹಸಿ ಕೋಳಿಗೊಬ್ಬರ ಬಿದ್ದ ಗಿಡ ಮೆತ್ತನೆಯ, ಉದ್ದನೆಯ ಎಲೆಗಳನ್ನು ಬಿಡುತ್ತದೆಯೇ ಹೊರತು ಹೂವನ್ನಲ್ಲ. ಇನ್ನು ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಅಕ್ಕಿ ತೊಳೆದ ನೀರು, ಎಪ್ಸಮ್ ಉಪ್ಪು ಇವುಗಳಿಂದ ಅಲೋ ಹೂ ಬಿಡುತ್ತದೆ ಎಂದು ಮೊಬೈಲ್‌ನಲ್ಲಿ ಹರಿದಾಡುವ ಸಲಹೆಗಳಿವೆ. ಇವುಗಳಿಂದ ಹೂ ಬಂದುದನ್ನು ನಾನು ಕಂಡಿಲ್ಲ. ಸಿಹಿ ಅಂಶವಿರುವ ನೀರು ಬುಡದಲ್ಲಿ ಹುಳಿತು ಇರುವೆ, ಬೂಸ್ಟುಗಳನ್ನು ಕರೆತಂದುದನ್ನು ಮಾತ್ರ ಕಂಡಿದ್ದೇನೆ.

ಮುಂದಿನ ಅಂಗಳದ ಐದು ಗಿಡಗಳ ಸಾವು ಇದಕ್ಕಿಂತ ಗಂಭೀರವಾದ ವಿಷಯ, ಏಕೆಂದರೆ ಅಲ್ಲಿ ನೀವು ಅನುಸರಿಸಿದ ಕ್ರಮ ಬಹಳ ಜನ ನಂಬುವ ಕ್ರಮ. ಎರೆಮಣ್ಣು ನೀರು ಹಿಡಿಯುತ್ತದೆ, ಆದ್ದರಿಂದ ಗುಂಡಿ ತೋಡಿ ಮರಳು ತುಂಬಿದರೆ ನೀರು ಬಸಿದು ಹೋಗುತ್ತದೆ ಎನ್ನುವ ತರ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಮರಳಿನೊಳಗೆ ಬೇಗ ಇಳಿದ ನೀರು ಮುಂದೆ ಹೋಗುವುದೆಲ್ಲಿಗೆ? ಗುಂಡಿಯ ತಳವೂ ಪಕ್ಕಗಳೂ ಎರೆಮಣ್ಣೇ. ಒಣಗಿದಾಗ ಬಾಯಿ ಬಿಡುವ ಆ ಮಣ್ಣು ಮಳೆ ಬಿದ್ದೊಡನೆ ಉಬ್ಬಿ, ಬಿರುಕುಗಳನ್ನು ಮುಚ್ಚಿಕೊಂಡು, ನೀರನ್ನು ಬಲು ನಿಧಾನವಾಗಿ ಒಳಗೆ ಬಿಡುತ್ತದೆ. ಅಂಗಳದ ಮೇಲೆ ಹರಿಯುವ ನೀರೆಲ್ಲ ಸುಲಭದ ದಾರಿಯಾದ ಮರಳಿನ ಮೂಲಕ ಇಳಿದು, ಗುಂಡಿ ಗಾರೆ ಹಾಕಿದ ತೊಟ್ಟಿಯಂತಾಗುತ್ತದೆ. ಹಿರಿಯೂರಿನಲ್ಲಿ ವರ್ಷದ ಸರಾಸರಿ ಮಳೆ 600 ಮಿಲಿಮೀಟರಿಗಿಂತ ಕಡಿಮೆಯಾದರೂ ಅದರ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಒಂದರ ಹಿಂದೊಂದು ಹಿಡಿದರೆ ಆ ತೊಟ್ಟಿಗಳು ವಾರಗಟ್ಟಲೆ ಒಣಗುವುದಿಲ್ಲ. ನಿಮ್ಮ ಗಿಡಗಳು ಅಕ್ಟೋಬರ್‌ನಲ್ಲೇ ಸತ್ತಿವೆ ಎನ್ನುವುದು ಈ ಅನುಮಾನವನ್ನು ಗಟ್ಟಿಮಾಡುತ್ತದೆ. ಕುಂಡದ ತಳಕ್ಕೆ ಜಲ್ಲಿ ಹಾಕುವ ಅಭ್ಯಾಸದಲ್ಲೂ ಇದನ್ನೇ ಹೋಲುವ ದೋಷವಿದೆ. ನುಣುಪು ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಅದರಿಂದ ದಪ್ಪ ಜಲ್ಲಿಗೆ ಇಳಿಯುವುದಿಲ್ಲ. ಹೀಗಾಗಿ ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಇದಕ್ಕೆ ನರ್ಸರಿಯ ತೆಂಗಿನನಾರಿನ ಪುಡಿಯೂ ಸೇರಿಕೊಂಡಿರಬಹುದು. ಬೆಂಗಳೂರಿನ ನರ್ಸರಿಗಳಿಂದ ಬರುವ ಬಹುತೇಕ ಅಲೋಗಳು ಬರೀ ಕೋಕೋಪೀಟ್‌ನಲ್ಲಿ ಬೆಳೆದವು. ಸಾಗಿಸಲು ಹಗುರ ಎನ್ನುವುದೇ ಅದಕ್ಕೆ ಕಾರಣ. ಆ ಉಂಡೆಯನ್ನು ಹಾಗೆಯೇ ಮರಳಿನಲ್ಲಿ ಇಟ್ಟರೆ ಸುತ್ತಲಿನ ಮರಳು ಒಣಗಿದ ಮೇಲೂ ಬೇರಿನ ನಡುವಿನ ಕೋಕೋಪೀಟ್ ಒದ್ದೆಯಾಗಿಯೇ ಇರುತ್ತದೆ, ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ನೀರು ಹೀರಲು ಒಪ್ಪುವುದಿಲ್ಲ. ಸತ್ತ ಗಿಡದ ಗುಂಡಿಯನ್ನು ಕೆದಕಿ ನೋಡಿ. ಬೇರುಗಳು ಆ ಕಂದು ಉಂಡೆಯನ್ನು ದಾಟಿ ಹೊರಗೆ ಬಂದೇ ಇಲ್ಲವಾದರೆ ಮೂರು ವರ್ಷವೂ ಆ ಗಿಡಗಳು ನಿಜವಾಗಿ ನೆಲದಲ್ಲಿ ಬೇರೂರಿರಲಿಲ್ಲ ಎಂದರ್ಥ.

ನೀರು ಕಡಿಮೆಯಾದಷ್ಟೂ ಅಲೋಗೆ ಒಳ್ಳೆಯದು ಎನ್ನುವ ನಂಬಿಕೆಗೆ ನಮ್ಮ ಮನೆಬಾಗಿಲಿನಲ್ಲೇ ಸಾಕ್ಷಿಯಿದ್ದಂತೆ ಕಾಣುತ್ತದೆ. ದೃಷ್ಟಿ ತಾಗದಿರಲೆಂದು ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣಿಲ್ಲದೆ, ನೀರಿಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ಅದು ಬದುಕುವ ಬಗೆ ಹೀಗೆ: ಅಲೋಗಳು ಎಲೆಯ ಪತ್ರರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುತ್ತವೆ, ತಂಪಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡೇ ಅದರಿಂದ ಸಕ್ಕರೆ ಮಾಡಿಕೊಳ್ಳುತ್ತವೆ. ಬರ ತೀರಾ ಬಿಗಿಯಾದರೆ ರಾತ್ರಿಯೂ ರಂಧ್ರಗಳನ್ನು ತೆರೆಯದೆ, ತಾವೇ ಉಸಿರಾಡಿ ಬಿಟ್ಟ ಅನಿಲವನ್ನು ಮರುಬಳಸುತ್ತ ಜೀವ ಹಿಡಿದುಕೊಳ್ಳುತ್ತವೆ. ಬಾಗಿಲಿಗೆ ಕಟ್ಟಿದ ಗಿಡದ ಎಲೆಗಳು ತಿಂಗಳಿಂದ ತಿಂಗಳಿಗೆ ತೆಳ್ಳಗಾಗುತ್ತ, ಒಳಮುಖವಾಗಿ ಮಡಚಿಕೊಳ್ಳುವುದನ್ನು ಗಮನಿಸಿದರೆ ಅದು ಬೆಳೆಯುತ್ತಿಲ್ಲ, ಇದ್ದುದನ್ನು ಕರಗಿಸುತ್ತಿದೆ ಎಂಬುದು ತಿಳಿಯುತ್ತದೆ. ಕೈತೋಟದಲ್ಲಿ ನಮಗೆ ಬೇಕಾಗಿರುವುದು ಬದುಕುಳಿದ ಗಿಡ ಮಾತ್ರವಲ್ಲ, ಹೂ ಬಿಡುವ ಗಿಡ. ಅದಕ್ಕೆ ಬೆಳೆಯುವ ಕಾಲದಲ್ಲಿ ನೀರು ಬೇಕೇ ಬೇಕು.

ನಿಮ್ಮ ವಾರದ ಚೊಂಬಿನ ತೊಂದರೆಯೂ ಇಲ್ಲಿಯೇ ಇದೆ. ಒಂದು ಚೊಂಬು ನೀರು ಮೇಲಿನ ಎರಡು ಮೂರು ಅಂಗುಲ ಮಣ್ಣನ್ನಷ್ಟೇ ನೆನೆಸಿ, ಬೇಸಿಗೆಯ ದಿನ ಸಂಜೆಯೊಳಗೆ ಆವಿಯಾಗುತ್ತದೆ. ಬೇರು ಆಳಕ್ಕೆ ಹೋಗದೆ ಮೇಲೆಯೇ ಹರಡುತ್ತದೆ, ಬುಡ ಮಾತ್ರ ವಾರವಾರವೂ ತೇವಗೊಳ್ಳುತ್ತದೆ. ಅದರ ಬದಲು ನೆಟ್ಟ ಮೊದಲ ವರ್ಷ ಹತ್ತು ದಿನಕ್ಕೊಮ್ಮೆ, ಎರಡನೆಯ ವರ್ಷದಿಂದ ಫೆಬ್ರವರಿ-ಮೇ ನಡುವೆ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ, ಒಂದಡಿ ಆಳ ನೆನೆಯುವಂತೆ ಏಳೆಂಟು ಲೀಟರ್ ಕೊಡಿ. ಭರಣಿ, ಕೃತ್ತಿಕೆ ಮಳೆ ಬಿದ್ದರೆ ಆ ಸರದಿಯನ್ನು ಬಿಟ್ಟುಬಿಡಿ. ಜೂನ್‌ನಿಂದ ಆಗಸ್ಟ್‌ವರೆಗೆ ನಿಮ್ಮ ಕಡೆ ಮೋಡ ಹೆಚ್ಚು, ಮಳೆ ಕಡಿಮೆ. ಮೂರು ವಾರ ಹನಿ ಬೀಳದಿದ್ದರೆ ಒಮ್ಮೆ ನೀರು ಕೊಡಬಹುದು. ಸೆಪ್ಟೆಂಬರ್ ಬಂದ ಮೇಲೆ ಕೈಯಿಂದ ನೀರು ಹಾಕುವುದೇ ಬೇಡ. ಹೂದಂಡು ಎದ್ದಿರುವಾಗ ಎಲೆಗಳು ಮಡಚಿಕೊಂಡರೆ ಮಾತ್ರ ಒಂದು ಸಲ ಕೊಟ್ಟರೆ ಸಾಕು. ಬೇಸಿಗೆಯಲ್ಲಿ ಎಲೆ ಕೆಂಪಾಗುವುದು ರೋಗವಲ್ಲ, ಬಿಸಿಲಿಗೆ ಗಿಡ ಹಾಕಿಕೊಳ್ಳುವ ಬಣ್ಣ. ಮಳೆ ಬಿದ್ದ ಮೇಲೆ ತಾನಾಗಿ ಹಸಿರಿಗೆ ತಿರುಗುತ್ತದೆ.

ಡ್ರಿಪ್ ಹಾಕಿಸಬಹುದು, ಆದರೆ ತರಕಾರಿಗೆ ಹಾಕುವಂತೆ ಅಲ್ಲ. ಗಂಟೆಗೆ 4 ಲೀಟರ್ ಬಿಡುವ ಎರಡು ಡ್ರಿಪ್ಪರ್‌ಗಳನ್ನು ಬುಡದಿಂದ ಒಂದೊಂದಡಿ ದೂರದಲ್ಲಿ, ಎದುರುಬದುರಾಗಿ ಇರಿಸಿ, ಮೇಲೆ ಹೇಳಿದ ಅಂತರದಲ್ಲಿ ಒಂದು ಗಂಟೆ ಓಡಿಸಬೇಕು. ಟೈಮರ್ ಇಟ್ಟು ದಿನಕ್ಕೆ ಐದು ನಿಮಿಷ ಬಿಡುವ ಏರ್ಪಾಡು ಮಾತ್ರ ಬೇಡ, ಏಕೆಂದರೆ ಅದರಿಂದ ಬುಡದ ಬಳಿ ಎಂದೂ ಆರದ ತೇವ ಉಳಿಯುತ್ತದೆ. ಕೊಳವೆಬಾವಿಯ ನೀರು ಗಡಸಾಗಿದ್ದರೆ ಡ್ರಿಪ್ಪರ್‌ನ ಬಾಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಮಣ್ಣಿನ ಮೇಲೂ ಅದೇ ಪೊರೆ ಕಂಡು, ಎಲೆಯ ತುದಿಗಳು ಒಣಗತೊಡಗಿದರೆ ಲವಣ ಕೂಡಿಕೊಂಡಿದೆ ಎಂದು ತಿಳಿಯಿರಿ. ಲೋಳೆಸರ ಸಾಧಾರಣ ಲವಣವನ್ನು ತಾಳಿಕೊಳ್ಳುತ್ತದೆ, ಮತ್ತು ಒಂದು ಒಳ್ಳೆಯ ಮಳೆ ಬಂದರೆ ನೀರು ಬಸಿಯುವ ಮಣ್ಣಿನಿಂದ ಅದು ತೊಳೆದು ಹೋಗುತ್ತದೆ. ತಾರಸಿಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಡಲು ಸಾಧ್ಯವಾದರೆ ಇನ್ನೂ ಮೇಲು. ಬಟ್ಟೆ ತೊಳೆದ ನೀರನ್ನು ಎರೆಮಣ್ಣಿಗೆ ಬಿಡಬೇಡಿ; ಅದರಲ್ಲಿನ ಸೋಡಿಯಂ ಆ ಮಣ್ಣನ್ನು ಇನ್ನಷ್ಟು ಬಿಗಿಗೊಳಿಸುತ್ತದೆ.

ಇನ್ನು ಮಾಡಬಹುದಾದ ಕೆಲಸಗಳು. ಹಿಂದಿನ ಪಟ್ಟಿಯ ಲೋಳೆಸರವನ್ನು ಪೂರ್ತಿ ಕಿತ್ತುಹಾಕುವ ಅಗತ್ಯವಿಲ್ಲ. ಎಲೆಯ ಬಳಕೆಗೆ ಆ ಜಾಗ ಚೆನ್ನಾಗಿಯೇ ಇದೆ, ಅಷ್ಟಕ್ಕೇ ತೃಪ್ತರಾದರೆ ಹಾಗೆಯೇ ಬಿಡಿ. ಹೂ ಬೇಕೆಂದಿದ್ದರೆ ದೊಡ್ಡ ಗಿಡಗಳಲ್ಲಿ ಕೆಲವನ್ನು ದಕ್ಷಿಣದ ಅಥವಾ ಮುಂದಿನ ಬಯಲಿಗೆ ವರ್ಗಾಯಿಸಿ. ಇದರಲ್ಲಿರುವ ಅಪಾಯ ಬಿಸಿಲ ಹೊಡೆತ: ಚಳಿಗಾಲವೆಲ್ಲ ನೆರಳಿನಲ್ಲಿದ್ದ ಗಿಡವನ್ನು ಮಾರ್ಚ್‌ನಲ್ಲಿ ಬಯಲಿಗೆ ತಂದರೆ ಎಲೆಗಳ ಮೇಲೆ ಮಾಸಲು ಬಿಳಿಯ ಸುಟ್ಟ ಕಲೆಗಳು ಬಿದ್ದು, ಆ ಕಲೆಗಳು ಎಲೆ ಇರುವವರೆಗೂ ಹೋಗುವುದಿಲ್ಲ. ಮೋಡ ಕವಿದಿರುವ ಜೂನ್-ಜುಲೈ ಇದಕ್ಕೆ ಒಳ್ಳೆಯ ಕಾಲ. ಕಿತ್ತ ಗಿಡಗಳನ್ನು ನಾಲ್ಕೈದು ದಿನ ನೆರಳಿನಲ್ಲಿಟ್ಟು ಬೇರಿನ ಗಾಯಗಳು ಒಣಗಿದ ಮೇಲೆ ನೆಡಿ, ಮತ್ತೆ ವಾರ ಕಳೆದು ನೀರು ಕೊಡಿ. ತಾರಸಿಯಲ್ಲಿ ಕುಂಡದಲ್ಲಿಡುವುದು ಮೂರನೆಯ ದಾರಿ. ಅಲ್ಲಿ ಬಿಸಿಲಿಗೆ ಕೊರತೆಯಿಲ್ಲವಾದರೂ ಕಪ್ಪು ಪ್ಲಾಸ್ಟಿಕ್ ಕುಂಡಗಳು ಏಪ್ರಿಲ್‌ನಲ್ಲಿ ಬೇರನ್ನು ಬೇಯಿಸಿಬಿಡುತ್ತವೆ. ಸುಟ್ಟ ಮಣ್ಣಿನ, ಅಗಲ ಬಾಯಿಯ ಕುಂಡಗಳನ್ನು ಒಂದಕ್ಕೊಂದು ತಾಗಿಸಿ ಇಡುವುದು ಮೇಲು.

ಮುಂದಿನ ಅಂಗಳದಲ್ಲಿ ನನ್ನ ಸ್ಪಷ್ಟ ಸಲಹೆ ಗುಂಡಿಯನ್ನು ಮರೆತು ದಿಬ್ಬ ಮಾಡುವುದು. ಸಂದೇಹವಿದ್ದರೆ ಮೊದಲು ಒಂದು ಪರೀಕ್ಷೆ ಮಾಡಿ: ಒಂದಡಿ ಆಳದ ಕುಳಿ ತೆಗೆದು ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೆ ತುಂಬಿ. ಎರಡನೆಯ ಸಲದ ನೀರು ಗಂಟೆಗೆ ಒಂದು ಅಂಗುಲಕ್ಕಿಂತ ನಿಧಾನವಾಗಿ ಇಳಿದರೆ ಆ ನೆಲದೊಳಗೆ ಅಲೋ ಇಡಬಾರದು. ದಿಬ್ಬ ಒಂದೂವರೆಯಿಂದ ಎರಡಡಿ ಎತ್ತರವಿದ್ದು, ಎಲ್ಲ ಕಡೆಗೂ ಇಳಿಜಾರಿರಬೇಕು. ಎರಡು ಪಾಲು ಗರಸು, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಎಂ-ಸ್ಯಾಂಡ್, ಅರ್ಧ ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿದರೆ ಸಾಕು. ಎಂ-ಸ್ಯಾಂಡನ್ನು ಜರಡಿ ಹಿಡಿಯದೆ ಹಾಕಬೇಡಿ. ಅದರಲ್ಲಿನ ಕಲ್ಲಿನ ಪುಡಿ ಮೊದಲ ಮಳೆಗೇ ಕೆಳಗಿಳಿದು ಗಾರೆಯಂತೆ ಗಟ್ಟಿಯಾಗುತ್ತದೆ. ಎರೆಮಣ್ಣನ್ನು ಈ ಮಿಶ್ರಣಕ್ಕೆ ಬೆರೆಸುವುದೂ ಬೇಡ. ನೆಡುವಾಗ ಬೇರಿನ ಸುತ್ತಲಿನ ಕೋಕೋಪೀಟನ್ನು ಬೆರಳಿನಿಂದ ಬಿಡಿಸಿ, ಬುಡದ ಕುತ್ತಿಗೆ ದಿಬ್ಬದ ಮಟ್ಟಕ್ಕಿಂತ ಒಂದು ಅಂಗುಲ ಮೇಲೆಯೇ ನಿಲ್ಲುವಂತೆ ಇಟ್ಟು, ಸುತ್ತ ಎರಡು ಅಂಗುಲ ಸಣ್ಣ ಜಲ್ಲಿ ಹರಡಿ. ದಿಬ್ಬದ ಅನನುಕೂಲವೆಂದರೆ ಅದು ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಆದ್ದರಿಂದ ಮೊದಲ ಬೇಸಿಗೆ ನೀರಿನ ಸರದಿಯನ್ನು ತಪ್ಪಿಸುವಂತಿಲ್ಲ. ದಿಬ್ಬ ಬೇಡ, ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸುತ್ತೇವೆ ಎನ್ನುವವರಿದ್ದಾರೆ. ಗಾಳಿಯಾಡದ ಆ ಹೊದಿಕೆಯ ಕೆಳಗೆ ಕೊಳೆ ಇನ್ನೂ ಬೇಗ ಹರಡುತ್ತದೆ.

ಉಳಿದ ಮೂರು ಗಿಡಗಳನ್ನು ಹಿಂಗಾರಿಗೆ ಮುಂಚೆಯೇ, ಅಂದರೆ ಉತ್ತರೆ ಮಳೆ ಹೂಡುವುದರೊಳಗೆ ಎತ್ತಿ ದಿಬ್ಬಕ್ಕೆ ತರಬೇಕು. ಎತ್ತುವಾಗ ಕೆಳಗಿನ ಎಲೆಯೊಂದನ್ನು ಅದರ ಬುಡದ ಬಳಿ ಹಿಡಿದು ಪಕ್ಕಕ್ಕೆ ಎಳೆಯಿರಿ. ಗಟ್ಟಿಯಾಗಿ ತಡೆದರೆ ಒಳ್ಳೆಯದು. ಗಾಜಿನಂತೆ ನೀರುನೀರಾದ ಕಂದು ಬುಡದೊಂದಿಗೆ, ದುರ್ವಾಸನೆಯೊಂದಿಗೆ ಕಳಚಿ ಬಂದರೆ ಬ್ಯಾಕ್ಟೀರಿಯಾದ ಮೆದುಕೊಳೆ ಸುಳಿಗೆ ಹತ್ತಿರ ಬಂದಿದೆ. ಅಂಥ ಗಿಡ ಉಳಿಯುವುದು ಕಷ್ಟ. ವಾಸನೆಯಿಲ್ಲದೆ ಬೇರು ಮಾತ್ರ ಒಣಗಿ ಟೊಳ್ಳಾಗಿದ್ದರೆ ಶಿಲೀಂಧ್ರದ ಕೊಳೆಯಿರಬಹುದು, ಇದರಲ್ಲಿ ಗಿಡವನ್ನು ಉಳಿಸಿಕೊಳ್ಳಲು ಅವಕಾಶವಿದೆ. ಹರಿತವಾದ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ ಕಾಂಡವನ್ನು ಕೆಳಗಿನಿಂದ ತೆಳುವಾಗಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತ ಹೋಗಿ. ಕೊಯ್ದ ಮುಖದಲ್ಲಿ ಕಂದು ಚುಕ್ಕೆಗಳ ಉಂಗುರ ಕಾಣುವವರೆಗೂ ರೋಗವಿದೆ ಎಂದು ಅರ್ಥ. ಪೂರ್ತಿ ಕೆನೆಬಣ್ಣದ ಮುಖ ಸಿಕ್ಕಾಗ ನಿಲ್ಲಿಸಬೇಕು. ಪ್ರತಿ ಕೊಯ್ತಕ್ಕೂ ಚಾಕುವನ್ನು ಮತ್ತೆ ಒರೆಸಬೇಕು. ಆಮೇಲೆ ಕೆಳಗಿನ ಎಲೆಗಳನ್ನು ತೆಗೆದು, ಗಾಳಿಯಾಡುವ ನೆರಳಿನಲ್ಲಿ ಹತ್ತು ದಿನ ಒಣಗಿಸಿ, ಒಣ ಗರಸಿನ ಮೇಲೆ ಕೂರಿಸಿ. ಅಲುಗಿಸಿದಾಗ ಗಿಡ ಹಿಡಿತ ತೋರಿಸುವವರೆಗೆ ನೀರು ಬೇಡ. ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿದ ದ್ರಾವಣವನ್ನು ಬುಡದ ಮಣ್ಣಿಗೆ ಸುರಿಯುವುದು ಅಕ್ಕಪಕ್ಕದ ಗಿಡಗಳಿಗೆ ಒಂದಿಷ್ಟು ರಕ್ಷಣೆ ಕೊಡಬಲ್ಲದು, ಆದರೆ ನೀರು ನಿಲ್ಲುವ ಗುಂಡಿಯಲ್ಲೇ ಗಿಡವನ್ನಿಟ್ಟುಕೊಂಡು ಔಷಧಿ ಸುರಿಯುವುದು ದುಡ್ಡು ದಂಡ.

ಯಾವ ಅಲೋಗಳು ಹೊಂದುತ್ತವೆ ಎಂಬ ಪ್ರಶ್ನೆಗೆ ಬರುತ್ತೇನೆ. ಕಡಿಮೆ ನೀರಿನ ತೋಟಗಳ ಬಗ್ಗೆ ನೋಡಸಿಗುವ ಹೆಚ್ಚಿನ ವೀಡಿಯೋಗಳು ಕ್ಯಾಲಿಫೋರ್ನಿಯಾದವು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಒಣ. ನಮ್ಮದು ಅದಕ್ಕೆ ತದ್ವಿರುದ್ಧ. ದಕ್ಷಿಣ ಆಫ್ರಿಕದ ಒಳಗೇ ಈ ಎರಡೂ ಬಗೆಯ ಹವೆಯಿದೆ: ಕೇಪ್‌ಟೌನ್ ಸುತ್ತಲಿನ ಪಶ್ಚಿಮ ಭಾಗಕ್ಕೆ ಚಳಿಗಾಲದ ಮಳೆ, ಪೂರ್ವ ಮತ್ತು ಉತ್ತರ ಭಾಗಗಳಿಗೆ ಬೇಸಿಗೆಯ ಮಳೆ. ಬೇಸಿಗೆ ಮಳೆಯ ಸೀಮೆಯಿಂದ ಬಂದ ಗಿಡಗಳಿಗೆ ಮಳೆ, ಬಳಿಕ ಒಣ ಚಳಿ ಎನ್ನುವ ನಮ್ಮ ಕ್ರಮ ಪರಿಚಿತ. ಅವುಗಳಲ್ಲಿ ಮೊದಲು ಆರಿಸಿಕೊಳ್ಳಬೇಕಾದದ್ದು ಅಲೋ ಆರ್ಬೊರೆಸೆನ್ಸ್. ಪೊದೆಯಾಗಿ ಆಳೆತ್ತರ ಬೆಳೆದು ಕಿತ್ತಳೆಗೆಂಪು ಹೂಗೊನೆಗಳನ್ನು ಎತ್ತುವ ಇದನ್ನು ಅಲ್ಲಿನ ಜನ ದನದ ದೊಡ್ಡಿಗಳ ಸುತ್ತ ಬೇಲಿಯಾಗಿ ನೆಡುತ್ತಾರೆ. ಮುರಿದು ನೆಟ್ಟ ಕೊಂಬೆಯೂ ಬೇರು ಬಿಡುತ್ತದೆ. ಎಲೆಯ ಮೇಲೆ ಬಿಳಿ ಚುಕ್ಕೆಗಳಿರುವ, ಚಪ್ಪಟೆ ತಲೆಯ ಹೂಗುಚ್ಛ ಬಿಡುವ ಅಲೋ ಮ್ಯಾಕುಲೇಟಾ ಮಣ್ಣಿನ ವಿಷಯದಲ್ಲಿ ಅಷ್ಟಾಗಿ ಹಟ ಮಾಡದ ಗಿಡ, ದಿಬ್ಬದ ಕೆಳ ಅಂಚಿಗೂ ಸರಿಹೋಗುತ್ತದೆ. ಮಲಾವಿ, ಜಿಂಬಾಬ್ವೆ ಕಡೆಯ ಅಲೋ ಕ್ಯಾಮೆರೋನಿ ಒಣಗಾಲದಲ್ಲಿ ಎಲೆಯನ್ನೇ ತಾಮ್ರದ ಬಣ್ಣಕ್ಕೆ ತಿರುಗಿಸಿಕೊಳ್ಳುವುದರಿಂದ ಹೂವಿಲ್ಲದಾಗಲೂ ನೋಡುವಂತಿರುತ್ತದೆ. ಅಲೋ ಮಾರ್ಲೋತಿ ಮತ್ತು ಅಲೋ ಫೆರಾಕ್ಸ್ ಒಂಟಿ ಕಾಂಡದ ದೊಡ್ಡ ಗಿಡಗಳು. ದೀಪಸ್ತಂಭದಂತೆ ಹೂ ಹೊತ್ತು ನಿಲ್ಲುವ ಇವಕ್ಕಾಗಿ ಹಲವು ವರ್ಷ ಕಾಯಬೇಕು, ಮರಿ ಹಾಕದ ಕಾರಣ ಸುಳಿ ಕೊಳೆತರೆ ಗಿಡವೇ ಹೋಗುತ್ತದೆ. ಆದ್ದರಿಂದ ದಿಬ್ಬ ಒಂದು ಹಿಂಗಾರನ್ನು ದಾಟಿದ ಮೇಲೆ ಇವುಗಳನ್ನು ತನ್ನಿ.

ಬೀಸಣಿಗೆಯಂಥ ಎಲೆಗಳ ಕುಮಾರ ಪ್ಲಿಕಟಿಲಿಸ್, ಕ್ವಿವರ್ ಮರ, ಲೆಸೋಥೊದ ಬೆಟ್ಟಗಳ ಸುರುಳಿ ಅಲೋ ಇವು ಚಿತ್ರದಲ್ಲಿ ಎಷ್ಟೇ ಆಕರ್ಷಕವಾಗಿದ್ದರೂ, ಚಳಿಗಾಲದ ಮಳೆಗೋ ಬೆಟ್ಟದ ತಂಪಿಗೋ ಒಗ್ಗಿದವಾದ್ದರಿಂದ ನಿಮ್ಮ ಊರಿಗೆ ಬೇಡ. ಸುರುಳಿ ಅಲೋದ ಬೀಜವೆಂದು ಆನ್‌ಲೈನಿನಲ್ಲಿ ಬರುವ ಪೊಟ್ಟಣಗಳನ್ನು ನಂಬಲೇಬೇಡಿ. ಲೋಳೆಸರವೊಂದನ್ನು ಬಿಟ್ಟು ಉಳಿದೆಲ್ಲ ಅಲೋ ಪ್ರಭೇದಗಳ ಅಂತರರಾಷ್ಟ್ರೀಯ ವ್ಯಾಪಾರ ಅಪಾಯದಂಚಿನ ಸಸ್ಯ-ಪ್ರಾಣಿಗಳ ರಕ್ಷಣೆಗಾಗಿ ದೇಶಗಳು ಮಾಡಿಕೊಂಡ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ, ಹಾಗಾಗಿ ನರ್ಸರಿಯಲ್ಲೇ ಬೆಳೆಸಿದ ಗಿಡವೇ ಎಂದು ಕೇಳಿ ಕೊಳ್ಳಿ.

ಕೀಟಗಳ ಕಾಟ ಒಣಸೀಮೆಯಲ್ಲಿ ಅಷ್ಟಿಲ್ಲ. ಎಲೆಯ ಸಂದಿಯಲ್ಲಿ ಹಿಟ್ಟು ತಿಗಣೆ, ಹೂದಂಡಿನ ಮೇಲೆ ಹೇನು ಕಂಡರೆ ಬೆಳಗಿನ ಹೊತ್ತು ಜೋರು ನೀರಿನಿಂದ ತೊಳೆದು, ಸಂಜೆ ಬೇವಿನೆಣ್ಣೆ ಸಿಂಪಡಿಸಿದರೆ ಸಾಕು. ಎಲೆಯ ಬುಡದಲ್ಲೋ ಹೂದಂಡಿನಲ್ಲೋ ಗಂಟುಗಂಟಾದ ವಿಕಾರ ಬೆಳವಣಿಗೆ ಕಂಡರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸ. ಆ ಭಾಗವನ್ನು ಆರೋಗ್ಯವಂತ ಅಂಗಾಂಶ ಸೇರಿಸಿ ಕತ್ತರಿಸಿ ಸುಟ್ಟುಬಿಡಿ. ಹೂ ಇರುವಾಗ ಇಮಿಡಾಕ್ಲೋಪ್ರಿಡ್‌ನಂಥ, ಗಿಡದೊಳಗೆ ಹರಿಯುವ ಕೀಟನಾಶಕವನ್ನು ಮುಟ್ಟಬೇಡಿ. ಅದು ಮಕರಂದಕ್ಕೂ ಸೇರುತ್ತದೆ, ಅಲೋ ಹೂವಿಗೆ ನಿಮ್ಮ ಅಂಗಳದಲ್ಲಿ ಮೊದಲು ಬರುವವರು ಸೂರಕ್ಕಿಗಳು ಮತ್ತು ಜೇನ್ನೊಣಗಳು.

ಕೊನೆಯ ಪ್ರಶ್ನೆಗೆ ಉತ್ತರ ಖಂಡಿತವಾಗಿಯೂ ಬೇಡ ಎಂಬುದೇ. ತಿನ್ನುವ ಅಭ್ಯಾಸ ಲೋಳೆಸರದ ಮಟ್ಟಿಗೆ ಮಾತ್ರ ಇರಲಿ, ಅದರಲ್ಲೂ ಸಿಪ್ಪೆಯ ಕೆಳಗಿನ ಹಳದಿ ಕಹಿರಸ ಪೂರ್ತಿ ಬಸಿದು ತೊಳೆದ ಮೇಲೆ. ಆ ರಸ ಬಲವಾದ ಭೇದಿಕಾರಕ, ಗರ್ಭಿಣಿಯರಿಗೆ ಅಪಾಯಕಾರಿ. ಅಲೋ ಕುಲದ ಕೆಲವು ಪ್ರಭೇದಗಳಲ್ಲಿ ನರಗಳ ಮೇಲೆ ಪರಿಣಾಮ ಬೀರುವ ವಿಷಕಾರಿ ಆಲ್ಕಲಾಯ್ಡ್‌ಗಳಿವೆ. ನರ್ಸರಿಯಲ್ಲಿ ಹೆಸರಿನ ಚೀಟಿಯಿಲ್ಲದೆ ಮಾರುವ ಕೆಂಪು ಹೂವಿನ ಗಿಡ ಯಾವ ಪ್ರಭೇದದ್ದು, ಯಾವುದರೊಡನೆ ಸಂಕರವಾದದ್ದು ಎಂಬುದನ್ನು ಎಲೆ ನೋಡಿ ಹೇಳಲಾಗುವುದಿಲ್ಲ. ಮನೆಯಲ್ಲಿ ನಾಯಿ ಬೆಕ್ಕುಗಳಿದ್ದರೆ ಲೋಳೆಸರವೂ ಸೇರಿದಂತೆ ಯಾವ ಅಲೋವನ್ನೂ ಅವು ಕಚ್ಚದಂತೆ ನೋಡಿಕೊಳ್ಳಿ, ಕತ್ತರಿಸಿದ ಎಲೆಗಳನ್ನು ಅಂಗಳದಲ್ಲಿ ಬಿಡಬೇಡಿ.